ಎಸೀಬೇಡ ಕಣೋ ಅವನನ್ನ

ಮಂಜ,

ನೀನು ಕಳಿಸಿದ ಗೊಂಬೆಯ ಫೋಟೋ ನೋಡಿದೆ. ಆಗಲೇ ಫೋನ್ ಮಾಡೋಣ ಅಂದುಕೊಂಡೆ, ರಾತ್ರಿ ಹನ್ನೊಂದೂವರೆ ಆಗಿತ್ತು, ಮಗು ಮಲಗಿರುತ್ತದೆ ಅಂತ ಸುಮ್ಮನಾದೆ. ಅದಕ್ಕೇ ಈ ಪತ್ರ. ‘ಅಟ್ಟ ಖಾಲಿ ಮಾಡ್ತಿದ್ದೀವಿ, ಇದನ್ನ ಎಸೆಯಲಾ?’ ಅಂತ ಕೇಳಿದ್ದೀಯ. ಬೇಡ. ದಯವಿಟ್ಟು ಬೇಡ.

ಆ ನೀಲಿ ಮೈಯ, ತಲೆಬುರುಡೆ ಮುಖದವನು ಸ್ಕೆಲಿಟರ್ ಕಣೋ. ನಿಮ್ಮ ಸೋದರಮಾವ ದುಬೈಯಿಂದ ಎರಡು ಗೊಂಬೆ ತಂದಿದ್ದರಲ್ಲ, ಅದರಲ್ಲಿ ಒಂದು. ಇನ್ನೊಂದು ಹೀ-ಮ್ಯಾನ್. ಅದು ಇವತ್ತಿಗೂ ನನ್ನ ಹತ್ತಿರ ಇದೆ. ಎಸ್.ಎಸ್. ಪುರಂ ಮನೆಯ ಜಗಲಿ ಮೇಲೆ ಕೂತು ಹಂಚಿಕೊಂಡೆವು, ನನಗೆ ಹೀರೋ, ನಿನಗೆ ವಿಲನ್. ಪಾಪ, ಇವನಿಗೆ ಕೆಟ್ಟವನು ಸಿಕ್ಕಿದ ಅಂತ ನನಗೆ ಅವತ್ತು ಬೇಜಾರಾಗಿತ್ತು. ಒಳ್ಳೆಯದು ನಿನಗೇ ಸಿಕ್ಕಿತ್ತು ಅಂತ ಈಗ ಗೊತ್ತಾಗುತ್ತಿದೆ.

ನಾನು ಇಂಥ ಹೀರೋ, ವಿಲನ್ ಗೊಂಬೆಗಳನ್ನು ಕೂಡಿಡುವುದು ನಿನಗೆ ಗೊತ್ತು, ಆದರೆ ಎಷ್ಟು ಅಂತ ಗೊತ್ತಿಲ್ಲ. ಎಂಟು ವರ್ಷದಲ್ಲಿ ನೂರಾ ನಲವತ್ತು ಆಗಿವೆ. ಒಂದಕ್ಕೆ ಇನ್ನೂರು ರೂಪಾಯಿಗಿಂತ ಜಾಸ್ತಿ ಕೊಡುವುದಿಲ್ಲ ಅಂತ ಮೊದಲೇ ತೀರ್ಮಾನ ಮಾಡಿಕೊಂಡಿದ್ದೆ, ಇವತ್ತಿನವರೆಗೂ ಮುರಿದಿಲ್ಲ. ಅಂಗಡಿಗಳಲ್ಲಿ ಸಾವಿರಾರು ರೂಪಾಯಿಯವೂ ಇವೆ, ಇಪ್ಪತ್ತು ಮೂವತ್ತು ಕಡೆ ಕೀಲು, ಬೆರಳು ಕೂಡ ಬೇರೆ ಬೇರೆ ಬರುತ್ತವೆ. ಚೆನ್ನಾಗಿರುತ್ತವೆ, ಇಲ್ಲ ಅನ್ನುವುದಿಲ್ಲ. ಆದರೆ ಅವನ್ನು ಕೊಂಡವರು ಡಬ್ಬಿ ಒಡೆಯುವುದಕ್ಕೇ ಹೆದರುತ್ತಾರೆ. ನನ್ನವು ಐದೇ ಕಡೆ ಅಲ್ಲಾಡುತ್ತವೆ, ಕುತ್ತಿಗೆ, ಎರಡು ಭುಜ, ಎರಡು ತೊಡೆ. ಕೈ ಕಿತ್ತು ಬಂದರೆ ನಾನೇ ಕೂರಿಸುತ್ತೇನೆ, ಬಣ್ಣ ಹೋದರೆ ಅಕ್ರಿಲಿಕ್ ಬಣ್ಣ ತಂದು ಸಣ್ಣ ಬ್ರಷ್‌ನಲ್ಲಿ ಹಚ್ಚುತ್ತೇನೆ. ಮುಟ್ಟಿ, ನಿಲ್ಲಿಸಿ, ರಿಪೇರಿ ಮಾಡಿ ಇಟ್ಟುಕೊಂಡ ವಸ್ತು ಮೇಲೆ ಪ್ರೀತಿ ಬೆಳೆಯುವ ಹಾಗೆ ಡಬ್ಬಿಯೊಳಗಿನದರ ಮೇಲೆ ನನಗೆ ಬೆಳೆಯಲಿಲ್ಲ.

ಜಾಸ್ತಿ ಸಿಕ್ಕಿದ್ದು ಸಿದ್ಧಗಂಗೆ ಜಾತ್ರೆಯಲ್ಲಿ. ಶಿವರಾತ್ರಿ ಆಸುಪಾಸು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ನಡೆದುಕೊಂಡೇ ಹೋಗುತ್ತೇನೆ. ಮೊದಲ ದಿನ ಹೋದರೆ ರೇಟು ಜಾಸ್ತಿ, ಅಂಗಡಿ ಎತ್ತುವ ಹೊತ್ತಿಗೆ ಹೋಗಬೇಕು. ಆದರೆ ಆ ಹೊತ್ತಿಗೆ ಒಳ್ಳೆಯವು ಹೋಗಿಬಿಟ್ಟಿರುತ್ತವೆ, ಹಾಗಾಗಿ ಎರಡು ಸಲ ಹೋಗುತ್ತೇನೆ. ಮೂರು ವರ್ಷದ ಹಿಂದೆ ಅಲ್ಲೇ ಒಂದು ಬೂದು ಬಣ್ಣದ ಹಲ್ಕ್ ಸಿಕ್ಕಿತು, ಕಾಮಿಕ್ಸ್‌ನ ಆ ದೈತ್ಯ ಹೀರೋ. ‘ಕಲರ್ ತಪ್ಪಾಗಿದೆ ಸಾರ್, ಯಾರೂ ತಗೊಳ್ತಿಲ್ಲ, ನಲವತ್ತು ಕೊಡಿ’ ಅಂದ ಅಂಗಡಿಯವನು. ನನಗೆ ಕೈ ನಡುಗಿತು ಮಂಜ. 1962ರಲ್ಲಿ ಹಲ್ಕ್‌ನ ಮೊದಲ ಕಾಮಿಕ್ಸ್ ಬಂದಾಗ ಅವನು ಬೂದು ಬಣ್ಣದವನೇ! ಅಚ್ಚಿನಲ್ಲಿ ಆ ಬೂದು ಒಂದೊಂದು ಪುಟಕ್ಕೆ ಒಂದೊಂದು ಥರ ಬಂತು ಅಂತ ಎರಡನೆಯ ಸಂಚಿಕೆಗೆ ಹಸಿರು ಮಾಡಿದರು. ಆ ಗೊಂಬೆ ಮಾಡಿದವರಿಗೆ ಇದು ಗೊತ್ತಿತ್ತೋ ಅಥವಾ ಅವತ್ತು ಹಸಿರು ಬಣ್ಣ ಖಾಲಿಯಾಗಿತ್ತೋ, ನನಗೆ ಬೇಕಾಗಿಲ್ಲ. ಅದು ನನ್ನ ಶೆಲ್ಫಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದೆ.

ಸಿಗದೆ ಇರುವವರು ವಿಲನ್‌ಗಳು. ಮಂಡಿಪೇಟೆಯಲ್ಲಿ ಅಂಗಡಿ ಅಂಗಡಿ ಸುತ್ತಿದ್ದೇನೆ. ಮಕ್ಕಳು ಕೇಳುವುದು ಸ್ಪೈಡರ್‌ಮ್ಯಾನ್, ಬ್ಯಾಟ್‌ಮ್ಯಾನ್, ಹಲ್ಕ್. ಅಂಗಡಿಯವರು ಅದನ್ನೇ ತರಿಸುತ್ತಾರೆ. ದೊಡ್ಡ ಕಂಪನಿಗಳೂ ಅಂಗಡಿಗೆ ಕಳಿಸುವ ಒಂದು ಪೆಟ್ಟಿಗೆ ತುಂಬುವಾಗ ಹೀರೋಗಳನ್ನೇ ಜಾಸ್ತಿ ಹಾಕುವುದುಂಟು, ವಿಲನ್ ಒಂದೋ ಎರಡೋ. ಥಾನೋಸ್ ಒಬ್ಬ ಸುಲಭವಾಗಿ ಸಿಗುತ್ತಾನೆ. ಜೋಕರ್‌ಗೆ ನಾನು ಎರಡು ವರ್ಷ ಕಾದೆ, ಕೊನೆಗೆ ಬಳೆ, ಕ್ಲಿಪ್ ಮಾರುವ ಅಂಗಡಿಯ ಮೂಲೆಯಲ್ಲಿ ಧೂಳು ಹಿಡಿದು ಕೂತಿದ್ದ. ಎಪ್ಪತ್ತು ರೂಪಾಯಿ. ಸ್ಪೈಡರ್‌ಮ್ಯಾನ್‌ನ ವೈರಿ ಗ್ರೀನ್ ಗಾಬ್ಲಿನ್ ಇನ್ನೂ ಸಿಕ್ಕಿಲ್ಲ. ಹೀಗಾಗಿ ನನ್ನ ಮನೆಯಲ್ಲಿ ಹನ್ನೊಂದು ಸ್ಪೈಡರ್‌ಮ್ಯಾನ್ ಇದ್ದಾರೆ, ಅವರ ಎದುರಿಗೆ ನಿಲ್ಲುವುದಕ್ಕೆ ಒಬ್ಬನೂ ಇಲ್ಲ.

ವಿಲನ್ ಬೆಲೆ ನಿಮ್ಮ ಅಪ್ಪಾಜಿಗೆ ಚೆನ್ನಾಗಿ ಗೊತ್ತಿತ್ತು. ಗುಬ್ಬಿ ಹತ್ತಿರದ ನಿಮ್ಮೂರಲ್ಲಿ ಪೌರಾಣಿಕ ನಾಟಕ ಕಟ್ಟಿದಾಗ ದುರ್ಯೋಧನನ ಪಾತ್ರಕ್ಕೆ ಮೇಷ್ಟ್ರಿಗೆ ದುಡ್ಡು ಕಟ್ಟಬೇಕು ಅಂತ ಎರಡು ಕುರಿ ಮಾರಿದರಲ್ಲ? ಅರ್ಜುನನ ಪಾತ್ರ ಅದಕ್ಕಿಂತ ಕಮ್ಮಿಗೆ ಸಿಗುತ್ತಿತ್ತು. ಅವರು ಕಿರೀಟ ಹಾಕಿ, ಗದೆ ಹೊತ್ತು ಒಳಗೆ ಬಂದಾಗ ಬೆಳಗಿನ ಜಾವ ನಿದ್ದೆ ಹೋಗುತ್ತಿದ್ದ ಜನ ಎಲ್ಲ ಎದ್ದು ಕೂತರು. ನಾನು ಅವತ್ತು ನಿನ್ನ ಪಕ್ಕದಲ್ಲೇ ಚಾಪೆ ಮೇಲೆ ಇದ್ದೆ.

ಇನ್ನೊಂದು ವಿಷಯ ಹೇಳಬೇಕು. ಮ್ಯಾಟೆಲ್ ಕಂಪನಿ ಈ ಹೀ-ಮ್ಯಾನ್ ಗೊಂಬೆಗಳನ್ನು 1982ರಲ್ಲಿ ತಂದಾಗ ಖರ್ಚು ಉಳಿಸುವುದಕ್ಕೆ ಒಂದೇ ಅಚ್ಚನ್ನು ಮತ್ತೆ ಮತ್ತೆ ಬಳಸಿತು. ನನ್ನವನ ಎದೆ, ನಿನ್ನವನ ಎದೆ ಒಂದೇ ಅಚ್ಚಿನದು. ತಲೆ ಬೇರೆ, ಬಣ್ಣ ಬೇರೆ. ಹೀ-ಮ್ಯಾನ್ ಸವಾರಿ ಮಾಡುವ ಹಸಿರು ಹುಲಿಗೇ ನೇರಳೆ ಬಣ್ಣದ ತುಪ್ಪಳ ಅಂಟಿಸಿ ಸ್ಕೆಲಿಟರ್‌ಗೆ ಚಿರತೆ ಮಾಡಿಕೊಟ್ಟರು. ಜಾತ್ರೆ ಗೊಂಬೆಗಳಲ್ಲೂ ಇದೇ ನಡೆಯುತ್ತದೆ. ನನ್ನ ಹತ್ತಿರ ಹಸಿರು ಮುಖದ ಒಬ್ಬ ಇದ್ದಾನೆ, ಹೆಸರು ಯಾರಿಗೂ ಗೊತ್ತಿಲ್ಲ, ಬೆನ್ನು ನೋಡಿದರೆ ಬ್ಯಾಟ್‌ಮ್ಯಾನ್‌ನ ಕೇಪು ಸಿಕ್ಕಿಸುವ ತೂತು ಹಾಗೇ ಇದೆ. ಅಂಥವು ನನಗೆ ಬಹಳ ಇಷ್ಟ.

‘ಈ ವಯಸ್ಸಲ್ಲಿ ಗೊಂಬೆನಾ?’ ಅಂತ ನಿನ್ನ ಹೆಂಡತಿ ಕೇಳಿದರು ಅಂತ ಬರೆದಿದ್ದೀಯ. ಗಂಡುಮಕ್ಕಳು ಗೊಂಬೆ ಅಂದರೆ ಕೊಳ್ಳುವುದಿಲ್ಲ ಅಂತ 1964ರಲ್ಲಿ ಅಮೆರಿಕದ ಹ್ಯಾಸ್‌ಬ್ರೋ ಕಂಪನಿ ತನ್ನ ಸೈನಿಕನ ಗೊಂಬೆಗೆ ಆಕ್ಷನ್ ಫಿಗರ್ ಅಂತ ಹೊಸ ಹೆಸರು ಕಟ್ಟಿತು. ನಮಗೆ ಆ ಕಷ್ಟ ಇಲ್ಲವಲ್ಲ. ದಸರಾದಲ್ಲಿ ದೊಡ್ಡವರೇ ಕೂತು ಗೊಂಬೆ ಜೋಡಿಸುತ್ತಾರೆ. ನಮ್ಮಮ್ಮ ಪಟ್ಟದ ಗೊಂಬೆ ಮೇಲಿನ ಮೆಟ್ಟಿಲಲ್ಲಿಟ್ಟು, ಕೆಳಗಿನ ಮೆಟ್ಟಿಲನ್ನು ನನಗೆ ಬಿಟ್ಟುಕೊಟ್ಟಿದ್ದಾರೆ. ಹೋದ ವರ್ಷ ಅಲ್ಲಿ ಬೂದು ಹಲ್ಕ್ ನಿಂತಿದ್ದ, ಆರತಿ ಅವನಿಗೂ ಆಯಿತು.

ಈಗ ಜಾತ್ರೆಯಲ್ಲಿ ಮಾಲು ಕಮ್ಮಿ. ಹೊರದೇಶದ ಆಟದ ಸಾಮಾನಿಗೆ ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಹೋಯಿತು, 2023ರಲ್ಲಿ ಶೇ. 70 ಆಯಿತು. 2021ರ ಜನವರಿಯಿಂದ ಐಎಸ್‌ಐ ಗುರುತೂ ಕಡ್ಡಾಯ. ಅದು ಸರಿಯೇ. ಗುರುತಿಲ್ಲದ ಹಳೇ ಗೊಂಬೆಗಳನ್ನು ನಾನು ಚಿಕ್ಕ ಮಕ್ಕಳ ಕೈಗೆ ಕೊಡುವುದಿಲ್ಲ. ಅವರು ಬಾಯಿಗಿಡುತ್ತಾರೆ, ಆ ಬಣ್ಣದಲ್ಲಿ ಏನಿದೆಯೋ. ನಿನ್ನ ಮಗುವಿನ ಕೈಗೂ ಸ್ಕೆಲಿಟರ್ ಸಿಗದ ಹಾಗೆ ನೋಡಿಕೋ.

ಫೋಟೋದಲ್ಲಿ ಅವನ ಮೈ ಅಂಟಂಟಾಗಿ ಕಾಣುತ್ತಿದೆ. ಹಳೆಯ ಮೆತ್ತನೆ ಪ್ಲಾಸ್ಟಿಕ್ ಹಾಗೇ ಆಗುತ್ತದೆ, ಅದನ್ನು ಮೆತ್ತಗಿಡಲು ಬೆರೆಸಿದ ಎಣ್ಣೆಯಂಥದ್ದು ಹೊರಗೆ ಒಸರುತ್ತದೆ. ಉಗುರುಬೆಚ್ಚನೆ ನೀರು, ಸ್ವಲ್ಪ ಪಾತ್ರೆ ತೊಳೆಯುವ ಸೋಪು, ಹಳೇ ಹಲ್ಲುಜ್ಜುವ ಬ್ರಷ್, ಅಷ್ಟೇ ಸಾಕು. ನೇಲ್ ಪಾಲಿಶ್ ತೆಗೆಯುವ ದ್ರವ ಮಾತ್ರ ಹಚ್ಚಬೇಡ, ಬಣ್ಣದ ಜೊತೆ ಪ್ಲಾಸ್ಟಿಕ್ಕೂ ಕರಗಬಹುದು. ಬಿಸಿಲಿಗೆ ಒಣಹಾಕಬೇಡ. ನ್ಯೂಸ್‌ಪೇಪರಿನಲ್ಲಿ ಸುತ್ತಬೇಡ, ಶಾಯಿ ಹತ್ತುತ್ತದೆ. ಹಳೇ ಪಂಚೆ ಬಟ್ಟೆ ಇದ್ದರೆ ಅದರಲ್ಲಿ ಸುತ್ತಿಡು. ಕಾಲು ಲೊಡಲೊಡ ಅಂದರೆ ಎಳೆಯಬೇಡ, ಒಳಗಿನ ರಬ್ಬರ್ ಸಡಿಲವಾಗಿರುತ್ತದೆ, ನಾನು ನೋಡಿಕೊಳ್ಳುತ್ತೇನೆ.

ಅವನ ಕತ್ತಿ ಫೋಟೋದಲ್ಲಿ ಕಾಣಲಿಲ್ಲ. ನೆನಪಿದೆಯಾ ಅದು? ನೇರಳೆ ಬಣ್ಣ, ಒಂದು ಕಡೆ ಚಪ್ಪಟೆ. ಅದು ಅರ್ಧ ಕತ್ತಿ ಮಂಜ, ಒಡೆದದ್ದಲ್ಲ, ಮಾಡಿದ್ದೇ ಹಾಗೆ. ನನ್ನವನ ಹತ್ತಿರ ಇರುವುದು ಇನ್ನರ್ಧ, ಬೂದು ಬಣ್ಣದ್ದು. ಎರಡನ್ನೂ ಒತ್ತಿದರೆ ಟಕ್ ಅಂತ ಸೇರಿ ಒಂದೇ ಕತ್ತಿ ಆಗುತ್ತದೆ. ಇಬ್ಬರ ಹತ್ತಿರವೂ ಅರ್ಧರ್ಧ ಇರಬೇಕು ಅಂತಲೇ ಮಾಡಿದ್ದರು. ನಾವು ಅದನ್ನು ಒಂದೇ ಒಂದು ಸಲ ಸೇರಿಸಿದ್ದೆವು, ಆರನೇ ಕ್ಲಾಸಿನ ಪರೀಕ್ಷೆ ಮುಗಿದ ದಿನ, ಅಮಾನಿಕೆರೆ ಏರಿ ಮೇಲೆ. ಆಮೇಲೆ ನೀವು ಬೆಂಗಳೂರಿಗೆ ಹೋದಿರಿ.

ಕೊರಿಯರ್ ಮಾಡಬೇಡ. ಭಾನುವಾರ ಬೆಳಗಿನ ರೈಲಿಗೆ ನಾನೇ ಬರುತ್ತೇನೆ, ನನ್ನ ಅರ್ಧ ಕತ್ತಿ ಜೇಬಿನಲ್ಲಿರುತ್ತದೆ. ಅಷ್ಟರಲ್ಲಿ ಅವನು ಸಿಕ್ಕಿದ ಪೆಟ್ಟಿಗೆಯ ತಳ ಪೂರ್ತಿ ಹುಡುಕು. ನೀನು ಆ ಕತ್ತಿಯನ್ನು ಸ್ಕೂಲಿಗೆ ಜಾಮಿಟ್ರಿ ಬಾಕ್ಸಿನಲ್ಲಿಟ್ಟುಕೊಂಡು ಬರುತ್ತಿದ್ದೆ, ಅಮ್ಮನನ್ನು ಕೇಳು, ಆ ಬಾಕ್ಸ್ ಅವರು ಎಸೆದಿರುವುದಿಲ್ಲ.

ನಿನ್ನ,
ಶಿವು
ತುಮಕೂರು