ಹಳೇ ರಿಜಿಸ್ಟರ್ ಹುಡುಕಿದ ರೈಟರ್ ಸಾಹೇಬರಿಗೆ

ಸಾಗರ ಕಡೆಯ ನಮ್ಮೂರಿನ ಪೊಲೀಸ್ ಸ್ಟೇಷನ್ನಿನಲ್ಲಿ ದಾಖಲೆ ಬರೆಯುವ ರೈಟರ್ ಒಬ್ಬರಿಗೆ ಈ ಬರಹ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ.

ತೀರಿಕೊಂಡ ಅಜ್ಜನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಓಡಾಡುವಾಗ ದೊಡ್ಡಪ್ಪನ ವಿಷಯ ಎದ್ದಿತು. 1987ರಲ್ಲಿ ಬೊಂಬಾಯಿಗೆ ಹೋದವರು ವಾಪಸ್ ಬರಲಿಲ್ಲ ಅಂತಲೇ ನಮಗೆಲ್ಲ ಗೊತ್ತಿದ್ದದ್ದು. 7 ವರ್ಷ ಸುದ್ದಿಯೇ ಇಲ್ಲದವರನ್ನು ತೀರಿಕೊಂಡರೆಂದು ಕೋರ್ಟ್ ಪರಿಗಣಿಸಬಹುದು. ಅದಕ್ಕೆ ‘ಪತ್ತೆಯಾಗಿಲ್ಲ’ ಅನ್ನೋ ಪೊಲೀಸ್ ಹಿಂಬರಹ ಬೇಕಿತ್ತು. ಸುಮ್ನೆ ಸಹಿ ಹಾಕಿ ಕಳಿಸಿದ್ದರೂ ಕೇಳುವವರು ಇರಲಿಲ್ಲ.

ನೀವು ಹಾಗೆ ಮಾಡಲಿಲ್ಲ ಸರ್. ಗೆದ್ದಲು ಹಿಡಿದ ಕಟ್ಟುಗಳನ್ನು ಬಿಚ್ಚಿ ಅಸಹಜ ಸಾವಿನ ಹಳೇ ರಿಜಿಸ್ಟರ್ ಹುಡುಕಿದಿರಿ. ವರದಾ ನದಿಯಲ್ಲಿ ಸಿಕ್ಕ ದೇಹ. ಬಲಗೈಯಲ್ಲಿ ಹಚ್ಚೆ. ಕೆಳಗೆ ಗುರುತಿಸಿದವರ ಸಹಿ, ಕೊನೆಯ ಅಕ್ಷರಕ್ಕೆ ಉದ್ದ ಬಾಲ ಎಳೆದದ್ದು. ನಮ್ಮ ಅಜ್ಜನದೇ.

ಮಗ ಹೊಳೆಗೆ ಹಾರಿದ್ದನ್ನು ಅಜ್ಜ ಹೆಂಡತಿಗೂ ಹೇಳದೆ ಎದೆಯಲ್ಲಿಟ್ಟುಕೊಂಡೇ ಹೋದರು. ಅಜ್ಜಿ ಮಾತ್ರ ಪ್ರತಿ ದೀಪಾವಳಿಗೆ ಒಂದು ಎಲೆ ಜಾಸ್ತಿ ಹಾಕಿಸುತ್ತಿದ್ದರು.

ಇದನ್ನು ಸ್ಟೇಷನ್ನಿನಲ್ಲಿ ನಾಲ್ಕು ಜನರ ಎದುರು ಹೇಳಬಹುದಿತ್ತು. ನೀವು ಯೂನಿಫಾರಂ ಬಿಟ್ಟು ಮನೆಗೇ ಬಂದಿರಿ. ಅಪ್ಪನನ್ನು ಅಂಗಳಕ್ಕೆ ಕರೆದು, “ಅಜ್ಜಿಗೆ ನೀವೇ ನಿಧಾನಕ್ಕೆ ಹೇಳಿ. ಹೆತ್ತವರಿಗೆ ಗೊತ್ತಾಗ್ಬೇಕು ಅಲ್ವಾ” ಅಂದಿರಿ.

ಅಜ್ಜಿ ತುಂಬಾ ಅತ್ತರು. ಆಮೇಲೆ ಕೇಳಿದ್ದು ತಾರೀಖು ಒಂದನ್ನೇ. ನೀವು ಬರೆದುಕೊಟ್ಟ ದಿನ ನೋಡಿ ಭಟ್ಟರು ತಿಥಿ ಲೆಕ್ಕ ಹಾಕಿದರು. ಈ ವರ್ಷ ಮೊದಲ ಸಲ ದೊಡ್ಡಪ್ಪನ ಶ್ರಾದ್ಧ ಆಯಿತು.

ನಮ್ಮಿಡೀ ಮನೆಯ ನಮಸ್ಕಾರ ಸರ್. ಈ ಕಡೆ ಬಂದರೆ ಊಟಕ್ಕೇ ಬನ್ನಿ. ಅಜ್ಜಿ ನಿಮ್ಮನ್ನು ಕೇಳುತ್ತಲೇ ಇರುತ್ತಾರೆ.