ಸತ್ತವರ ಹಸಿವನ್ನು ಬರೆಯುವವಳಿಗೆ

ಪ್ರೀತಿಯ ತಂಗಿ,

ಪ್ರಾಚೀನ ಈಜಿಪ್ಟಿನ ಪರಲೋಕದ ಬಗ್ಗೆ ನೀನು ಕಳಿಸಿದ ಲೇಖನ ಓದಿದೆ. ಓದಿಸಿಕೊಂಡು ಹೋಗುತ್ತದೆ. ಆದರೆ ಅದರಲ್ಲಿ ಎಲ್ಲರೂ ಹೊಟ್ಟೆ ತುಂಬಿದವರೇ. ಸಮಾಧಿಯ ಗೋಡೆಯ ಮೇಲಿನ ರೊಟ್ಟಿಯ ರಾಶಿ, ಬಾತುಕೋಳಿ, ರಾಜ ತುತಾಂಖಾಮುನ್‌ನ ಜೊತೆ ಇಟ್ಟ ಮಾಂಸದ ಪೆಟ್ಟಿಗೆಗಳು, ದ್ರಾಕ್ಷಾರಸದ ಹೂಜಿಗಳು, ಎಲ್ಲವನ್ನೂ ಮನಸಾರೆ ಬಣ್ಣಿಸಿದ್ದೀಯ. ಅಷ್ಟೆಲ್ಲ ಯಾಕೆ ಇಟ್ಟರು ಎಂದು ಮಾತ್ರ ಕೇಳಿಲ್ಲ. ಸತ್ತ ಮೇಲೂ ಹಸಿವು ಬೆನ್ನು ಬಿಡದು ಎಂಬ ಭಯ ಅವರಿಗಿತ್ತು. ನಿನ್ನ ಲೇಖನ ಆ ಭಯದಿಂದಲೇ ಶುರುವಾಗಬೇಕು.

ಈಜಿಪ್ಟಿನ ಸಮಾಧಿಭೂಮಿ ಸಕ್ಕಾರಾದಲ್ಲಿ ರಾಜ ತೇತಿಯ ಪಿರಮಿಡ್ಡಿನೊಳಗೆ, ಕ್ರಿ.ಪೂ. 24ನೇ ಶತಮಾನದಲ್ಲಿ ಕೆತ್ತಿದ ಒಂದು ಮಂತ್ರವಿದೆ. ಅದು ಹಸಿವನ್ನೇ ಹೆಸರು ಹಿಡಿದು ಕರೆದು, ತೇತಿಯ ಬಳಿ ಸುಳಿಯಬೇಡ ಎಂದು ಅಟ್ಟುತ್ತದೆ. ದೇಶವನ್ನೇ ಆಳಿದವನ ಗೋಡೆಯ ಮೇಲೆ ಇಂಥ ಮಾತು!

ಮುಂದೆ ಶವಪೆಟ್ಟಿಗೆಗಳ ಮೇಲೆ ಮಂತ್ರ ಬರೆಸುವ ಕಾಲ ಬಂದಾಗ ಭಯ ಇನ್ನೂ ಬಿಚ್ಚಿಕೊಳ್ಳುತ್ತದೆ. ಆ ಲೋಕದಲ್ಲಿ ತಲೆಕೆಳಗಾಗಿ ನಡೆಯಬೇಕಾದೀತು, ಮಲ ತಿಂದು ಮೂತ್ರ ಕುಡಿಯಬೇಕಾದೀತು ಎಂಬ ಭಯ ಅದು. ಸತ್ತವರ ಜೊತೆ ಇಡುತ್ತಿದ್ದ ಮಂತ್ರಗಳ ಸಂಗ್ರಹವಾದ ‘ಮೃತರ ಪುಸ್ತಕ’ದ 53ನೇ ಅಧ್ಯಾಯ ಇರುವುದೇ ಇದನ್ನು ತಪ್ಪಿಸಲು. ಓದುಗರಿಗೆ ಅಸಹ್ಯವಾದೀತೆಂದು ನೀನು ಇದನ್ನು ಬಿಟ್ಟಿರಬಹುದು. ಬಿಡಬೇಡ. ಅವರು ಅಳುಕದೆ ಬರೆದದ್ದನ್ನು ನೀನೂ ಅಳುಕದೆ ಬರೆ. 52ನೇ ಅಧ್ಯಾಯದಲ್ಲಂತೂ ದೇವತೆಗಳು ಸತ್ತವನನ್ನು ತಡೆದು ಕೇಳುತ್ತಾರೆ: ಹಾಗಾದರೆ ಏನು ತಿಂದು ಬದುಕುತ್ತೀಯ, ಎಲ್ಲಿ ಕುಳಿತು ತಿನ್ನುತ್ತೀಯ? ರೊಟ್ಟಿ ತಿನ್ನುತ್ತೇನೆ, ಹಥೋರ್ ದೇವಿಯ ಅತ್ತಿಮರದ ಕೆಳಗೆ ಕುಳಿತು ತಿನ್ನುತ್ತೇನೆ ಎಂದು ಅವನು ಉತ್ತರಿಸುತ್ತಾನೆ. ಈ ಸಂಭಾಷಣೆಗೆ ಒಂದಿಡೀ ಪುಟ ಕೊಡು.

ಎಡೆ ಇಡುವ ಮನೆಯವರು ಎಂದಾದರೊಂದು ದಿನ ನಿಲ್ಲಿಸುತ್ತಾರೆಂದು ಅವರಿಗೆ ಗೊತ್ತಿತ್ತು. ಅದಕ್ಕೇ ಸಮಾಧಿಯ ಕಲ್ಲುಗಳು ದಾರಿಹೋಕರನ್ನು ಕೂಗಿ ಕರೆಯುತ್ತವೆ: ಸಾವಿರ ರೊಟ್ಟಿ, ಸಾವಿರ ಬಿಯರ್ ಎಂದು ಬಾಯಲ್ಲಿ ಹೇಳಿಬಿಡಿ, ಖರ್ಚಾಗುವುದು ಉಸಿರು ಮಾತ್ರ. ಇಲ್ಲಿಗೆ ಬಂದಾಗ ನಮ್ಮ ತರ್ಪಣ, ಪಿಂಡಗಳ ಹೋಲಿಕೆ ತರಲು ನಿನ್ನ ಕೈ ತುಡಿಯುತ್ತದೆ. ತಡೆದುಕೋ, ಮೊದಲು ಅವರ ಮಾತು ಪೂರ್ತಿಯಾಗಲಿ.

‘ಮೃತರ ಪುಸ್ತಕ’ದ 175ನೇ ಅಧ್ಯಾಯವನ್ನೂ ಮರೆಯಬೇಡ. ಪರಲೋಕದಲ್ಲಿ ನೀರಿಲ್ಲ, ಗಾಳಿಯಿಲ್ಲ ಎಂಬ ಸತ್ತವನ ದೂರಿಗೆ ಆತುಮ್ ದೇವರು, ರೊಟ್ಟಿ ಮತ್ತು ಬಿಯರ್‌ನ ಬದಲು ಮನಶ್ಶಾಂತಿ ಕೊಟ್ಟಿದ್ದೇನೆ ಎನ್ನುತ್ತಾನೆ. ನನಗೆ ಈ ಉತ್ತರ ಸಮಾಧಾನ ಕೊಡುವುದಿಲ್ಲ. ಈಜಿಪ್ಟಿನವರಿಗೂ ಇದು ಸಾಲಲಿಲ್ಲ ಎನ್ನಲು ತೈಮ್‌ಹೋತೆಪ್ ಸಾಕ್ಷಿ. ಈಜಿಪ್ಟಿನ ಮೆಂಫಿಸ್ ನಗರದ ಮಹಾಪುರೋಹಿತನ ಹೆಂಡತಿ, ಕ್ರಿ.ಪೂ. 42ರಲ್ಲಿ 30ರ ವಯಸ್ಸಿಗೇ ತೀರಿಕೊಂಡವಳು. ಅವಳ ಸ್ಮಾರಕಶಿಲೆ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಪಕ್ಕದಲ್ಲೇ ನೀರಿದ್ದರೂ ಬಾಯಾರಿದ್ದೇನೆ, ಹರಿಯುವ ನೀರು ಕೊಡಿ, ದಡದಲ್ಲಿ ಉತ್ತರದ ಗಾಳಿಗೆ ನನ್ನ ಮುಖ ತಿರುಗಿಸಿ ಎಂದು ಅದರಲ್ಲಿ ಅವಳು ಅಂಗಲಾಚುತ್ತಾಳೆ. ಗಂಡನಿಗೆ ಹೇಳುವುದಾದರೂ ಏನು? ಉಣ್ಣುವುದನ್ನು, ಕುಡಿಯುವುದನ್ನು, ಪ್ರೀತಿಸುವುದನ್ನು ಬಿಡಬೇಡ ಎಂದು. ತೇತಿಯ ಕಾಲದಿಂದ ಸುಮಾರು 2,300 ವರ್ಷ ಕಳೆದರೂ ಆ ಭಯ ಹಾಗೇ ಉಳಿದಿತ್ತು.

ನಿನ್ನ ಲೇಖನದಲ್ಲಿ ತೈಮ್‌ಹೋತೆಪ್ ಇಲ್ಲವೇ ಇಲ್ಲ. ಅವಳ ಶಿಲೆಯ ಪಠ್ಯವನ್ನು ಪೂರ್ತಿ ಓದು. ಔತಣದ ವರ್ಣನೆಯನ್ನು ಅರ್ಧಕ್ಕೆ ಇಳಿಸಿ ಅವಳಿಗೆ ಜಾಗ ಮಾಡು. ಹೊಸ ಕರಡನ್ನು ಮಾತ್ರ ತಪ್ಪದೆ ಕಳಿಸು.

ಪ್ರೀತಿಯಿಂದ,
ನಿನ್ನ ಅಕ್ಕ