ಅಂಕ ಹಾಕುವವರಿಗೂ ಓದಲು ಸಮಯ ಕೊಡಿ

ಮಾನ್ಯ ಸಂಪಾದಕರೇ,

ಫಲಿತಾಂಶ ಹೊರಬಿದ್ದು ಅಂಕಗಳಲ್ಲಿ ಏರುಪೇರು ಕಂಡಾಗಲೆಲ್ಲ ಬೈಗುಳ ಬೀಳುವುದು ಮೌಲ್ಯಮಾಪಕರಿಗೆ. ‘ಓದದೆಯೇ ಅಂಕ ಹಾಕಿದ್ದಾರೆ’ ಎಂಬ ಮಾತು ಸಲೀಸಾಗಿ ಬರುತ್ತದೆ. ಪರೀಕ್ಷೆ ನಡೆಸಿಕೊಡುವ ಕಂಪನಿಗಳ ಒಳಗೆ ಈ ಕೆಲಸ ಹೇಗೆ ಸಾಗುತ್ತದೆ ಎಂಬುದು ಹೊರಗಿನವರಿಗೆ ತಿಳಿಯುವುದು ಕಡಿಮೆ. ಸೇರುವ ದಿನವೇ ಗೋಪ್ಯತೆಯ ಕರಾರಿಗೆ ಸಹಿ ಹಾಕಿಸಿಕೊಳ್ಳುವುದರಿಂದ ಒಳಗಿನವರೂ ಬಾಯಿ ಬಿಡುವುದಿಲ್ಲ. ಯಾವ ಪ್ರಶ್ನೆ, ಯಾರ ಉತ್ತರ ಎಂಬುದನ್ನು ಮುಟ್ಟದೆ ಕೆಲಸದ ರೀತಿಯನ್ನಷ್ಟೇ ಇಲ್ಲಿ ಬರೆಯುತ್ತಿದ್ದೇವೆ. ಮೌಲ್ಯಮಾಪಕ ಎಷ್ಟೇ ನಿಯತ್ತಿನವನಾಗಿರಲಿ, ಅವನಿಗೆ ಸಿಗುವ ಸಮಯ, ತರಬೇತಿ ಮತ್ತು ಸಂಬಳದ ಕ್ರಮ ಸರಿಯಿಲ್ಲದಿದ್ದರೆ ಅಂಕ ಸರಿಯಾಗಿ ಬೀಳುವುದಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಇಂಥ ಕಂಪನಿಗಳಲ್ಲಿ ಪ್ರಶ್ನೆ ಬರೆಯುವವರು, ತಿದ್ದುವವರು, ಸಂಖ್ಯಾಶಾಸ್ತ್ರ ಬಲ್ಲವರು ಸಾಮಾನ್ಯವಾಗಿ ಕಾಯಂ ನೌಕರರು. ಅವರ ಕೆಲಸದಲ್ಲಿ ತಪ್ಪು ಹಿಡಿಯಲು ಹಲವು ಜರಡಿಗಳಿವೆ. ಒಂದು ಬಹು ಆಯ್ಕೆಯ ಪ್ರಶ್ನೆ ವಿಷಯ ತಜ್ಞರನ್ನು ದಾಟಬೇಕು, ಭಾಷೆ ನೋಡುವವರನ್ನು ದಾಟಬೇಕು, ಯಾವುದಾದರೂ ಗುಂಪಿನ ಮಕ್ಕಳಿಗೆ ಅನ್ಯಾಯವಾಗುತ್ತದೆಯೇ ಎಂದು ಪರಿಶೀಲಿಸುವ ಸಮಿತಿಯನ್ನೂ ದಾಟಿ ಪ್ರಾಯೋಗಿಕ ಪರೀಕ್ಷೆಗೆ ಹೋಗಬೇಕು. ಒಟ್ಟಾರೆ ಚೆನ್ನಾಗಿ ಬರೆದ ಮಕ್ಕಳೇ ಆ ಪ್ರಶ್ನೆಯಲ್ಲಿ ಎಡವಿ, ಹಿಂದುಳಿದವರು ಸರಿ ಉತ್ತರ ಕೊಟ್ಟಿದ್ದರೆ ಕೀ ಉತ್ತರವೇ ತಪ್ಪಿದೆಯೇನೋ ಎಂಬ ಗುಮಾನಿ ತಕ್ಷಣ ಹುಟ್ಟುತ್ತದೆ. ಪ್ರಶ್ನೆ ವಾಪಸ್ ಬರುತ್ತದೆ. ಪ್ರಬಂಧ ಮತ್ತು ವಿವರಣಾತ್ಮಕ ಉತ್ತರಗಳಿಗೆ ಅಂಕ ಹಾಕುವವರಾದರೋ ಹೆಚ್ಚಿನಂಶ ಕೆಲವು ವಾರಗಳ ಗುತ್ತಿಗೆಯವರು. ಅಲ್ಲಿ ಜರಡಿಯ ಕಣ್ಣು ದೊಡ್ಡದು.

ಅವರ ಕೆಲಸ ಶುರುವಾಗುವುದು ರೂಬ್ರಿಕ್‌ನಿಂದ. 1ರಿಂದ 4ರವರೆಗಿನ ಪ್ರತಿ ಅಂಕಕ್ಕೂ ಉತ್ತರದಲ್ಲಿ ಏನಿರಬೇಕೆಂದು ಎರಡು ಮೂರು ಸಾಲು ಇರುತ್ತದೆ. ‘ವಿವರಣೆ ಸಾಕಷ್ಟಿದೆ’ ಎಂದಾದರೆ 3, ‘ಅಲ್ಪಸ್ವಲ್ಪ ಇದೆ’ ಎಂದಾದರೆ 2. ಸಾಕಷ್ಟು ಎಂದರೆ ಎಷ್ಟು ಎಂಬುದನ್ನು ತಿಳಿಯಬೇಕಾದದ್ದು ಆಂಕರ್ ಪೇಪರ್‌ಗಳಿಂದ. ಅನುಭವಿ ಶಿಕ್ಷಕರು ಕೂತು, ಓದಿ, ವಾದ ಮಾಡಿ ಅಂಕ ನಿಗದಿ ಮಾಡಿಟ್ಟ ಮಕ್ಕಳ ನಿಜವಾದ ಉತ್ತರಗಳೇ ಇವು. ಆಂಕರ್ ಓದಿದ ಮೇಲೆ ಅಭ್ಯಾಸದ ಸೆಟ್, ಅದಾದ ಮೇಲೆ ಅರ್ಹತಾ ಸೆಟ್. ಹತ್ತರಲ್ಲಿ ಏಳೋ ಎಂಟೋ ಉತ್ತರಗಳಿಗೆ ಸಮಿತಿ ಕೊಟ್ಟ ಅಂಕವೇ ಬಂದರೆ ಪಾಸು; ಎರಡು ಮೂರು ಅವಕಾಶದಲ್ಲೂ ಬಾರದಿದ್ದರೆ ಮನೆಗೆ. ಕ್ರಮ ಒಳ್ಳೆಯದೇ. ಆಂಕರ್‌ಗಳ ಆಯ್ಕೆಯಲ್ಲಿ ಮಾತ್ರ ಆಗಾಗ ಎಡವಟ್ಟಾಗುತ್ತದೆ. 3ಕ್ಕೆಂದು ಇಟ್ಟ ಮಾದರಿಗಳೆಲ್ಲ ಗಟ್ಟಿ 3 ಆಗಿದ್ದರೆ, 2ರ ಅಂಚಿನಲ್ಲಿ ನಿಂತ 3 ಹೇಗಿರುತ್ತದೆ ಎಂಬುದು ಯಾರಿಗೂ ಗೊತ್ತಾಗುವುದಿಲ್ಲ. ಜಗಳವಿರುವುದೆಲ್ಲ ಆ ಅಂಚಿನಲ್ಲೇ. ವಾರ ಕಳೆದ ಮೇಲೆ ಮೇಲಿನವರಿಂದ ‘ಇಂಥ ಉತ್ತರಕ್ಕೆ ಇನ್ನು ಮೇಲೆ 3 ಕೊಡಿ’ ಎಂದು ಸೂಚನೆ ಬರುವುದುಂಟು. ಅಷ್ಟರಲ್ಲಿ 2 ಹಾಕಿ ಕಳಿಸಿದ ಉತ್ತರಗಳನ್ನು ಮತ್ತೆ ತೆಗೆದು ನೋಡುತ್ತಾರೋ ಇಲ್ಲವೋ ಎಂಬುದು ಫಲಿತಾಂಶದ ದಿನ ಎಷ್ಟು ಹತ್ತಿರವಿದೆ ಎಂಬುದರ ಮೇಲೆ ಹೋಗುತ್ತದೆ.

ಇನ್ನು ಸಮಯ. ಗಂಟೆಗೆ 30 ಉತ್ತರ ಎಂಬ ಗುರಿ ಇಟ್ಟರೆ ಒಂದಕ್ಕೆ ಎರಡು ನಿಮಿಷ. 300 ಪದಗಳ ಪ್ರಬಂಧವನ್ನು ನಿಮಿಷಕ್ಕೆ 200 ಪದದ ವೇಗದಲ್ಲಿ ಓದಿದರೂ ಒಂದೂವರೆ ನಿಮಿಷ ಓದಿಗೇ ಹೋಯಿತು. ಉಳಿದ ಅರ್ಧ ನಿಮಿಷದಲ್ಲಿ, ಎರಡನೇ ಪ್ಯಾರಾದ ಕಾರಣ ಮೊದಲ ಪ್ಯಾರಾದ ವಾದಕ್ಕೆ ಹೊಂದುತ್ತದೆಯೇ ಎಂದು ತಿರುಗಿ ನೋಡಬೇಕು, ಆಂಕರ್ ತೆರೆದು ಹೋಲಿಸಬೇಕು, 2 ಮತ್ತು 3ರ ನಡುವೆ ತೀರ್ಮಾನಿಸಬೇಕು, ಬಟನ್ ಒತ್ತಬೇಕು. ಕೈಬರಹ ಮಸುಕಾಗಿ ಸ್ಕ್ಯಾನ್ ಆಗಿದ್ದರೆ ಓದುವುದಕ್ಕೇ ಎರಡು ನಿಮಿಷ ಸಾಲದು. ಗುರಿಯನ್ನು 40ಕ್ಕೆ ಏರಿಸಿದರೆ ಒಂದು ಉತ್ತರಕ್ಕೆ 90 ಸೆಕೆಂಡು. ಯೋಚಿಸಲು ಉಳಿಯುವ ಸಮಯ ಸೊನ್ನೆ. ಆಗ ಮೌಲ್ಯಮಾಪಕ ಮೊದಲ ಪ್ಯಾರಾ ಓದಿ, ಉತ್ತರದ ಉದ್ದ ನೋಡಿ, ಅಂದಾಜು ಕಟ್ಟುತ್ತಾನೆ. ಉದ್ದ ಬರೆದವನಿಗೆ ಲಾಭ, ಚಿಕ್ಕದಾಗಿ ಚೊಕ್ಕವಾಗಿ ಬರೆದವನಿಗೆ ನಷ್ಟ.

ಇದನ್ನು ತಡೆಯಲು ಮೇಲ್ವಿಚಾರಣೆ ಇದೆಯಲ್ಲ ಎಂದು ಕೇಳಬಹುದು. ಇದೆ. ಹತ್ತು ಹನ್ನೆರಡು ಜನರಿಗೆ ಒಬ್ಬ ಟೀಂ ಲೀಡರ್ ಇದ್ದು, ಅಂಕ ಹಾಕಿದ ಕೆಲವು ಉತ್ತರಗಳನ್ನು ಮತ್ತೆ ಓದುತ್ತಾರೆ. ಮೊದಲೇ ಅಂಕ ಗೊತ್ತಿರುವ ಉತ್ತರಗಳನ್ನು ಸಾಲಿನ ನಡುವೆ ಗುಟ್ಟಾಗಿ ಸೇರಿಸಿ ಪರೀಕ್ಷಿಸುತ್ತಾರೆ. ಒಂದಷ್ಟು ಪಾಲು ಉತ್ತರಗಳು ಎರಡನೆಯವರ ಕೈಗೂ ಹೋಗುತ್ತವೆ. ಇಬ್ಬರ ಅಂಕ ಎಷ್ಟು ಸಲ ಕೂಡಿಬಂತು ಎಂದು ಶೇಕಡಾವಾರು ಲೆಕ್ಕ ಹಾಕುತ್ತಾರೆ. ಈ ಲೆಕ್ಕದ ಒಳಗೇ ದೊಡ್ಡ ದೋಷವಿದೆ. 100 ಉತ್ತರಗಳಲ್ಲಿ ನ್ಯಾಯವಾಗಿ 15ಕ್ಕೆ 1, 40ಕ್ಕೆ 2, 40ಕ್ಕೆ 3, 5ಕ್ಕೆ 4 ಬರಬೇಕು ಎಂದಿಟ್ಟುಕೊಳ್ಳಿ. ಒಬ್ಬ ಮೌಲ್ಯಮಾಪಕ ಒಂದನ್ನೂ ಓದದೆ ಎಲ್ಲಕ್ಕೂ 2 ಒತ್ತುತ್ತಾ ಹೋದರೆ 40 ಉತ್ತರಗಳಲ್ಲಿ ತಾಳೆಯಾಗುತ್ತದೆ. ‘ಒಂದು ಅಂಕದ ವ್ಯತ್ಯಾಸದೊಳಗೆ ಹೊಂದಾಣಿಕೆ’ ಎಂದು ಲೆಕ್ಕ ಹಾಕಿದರೆ 95! ವರದಿಯಲ್ಲಿ ‘ಶೇ 95 ಹೊಂದಾಣಿಕೆ’ ಎಂದು ಕಂಡರೆ ಯಾರಿಗೂ ಅನುಮಾನ ಬಾರದು. ಆಕಸ್ಮಿಕ ಹೊಂದಾಣಿಕೆಯನ್ನು ಕಳೆದು ನೋಡುವ ಕಪ್ಪಾ ಲೆಕ್ಕದಲ್ಲಿ ಇದೇ ವ್ಯಕ್ತಿಗೆ ಸಿಗುವುದು ಸೊನ್ನೆ.

ಎಲ್ಲಕ್ಕೂ 2 ಒತ್ತುವವರು ಯಾರೂ ಇಲ್ಲ. ಆದರೆ ಹೊಂದಾಣಿಕೆ ಇಳಿದರೆ ಕೆಲಸ ಹೋಗುತ್ತದೆ ಎಂದು ಗೊತ್ತಿರುವವರು ನಡುವಿನ ಅಂಕಗಳ ಆಸರೆ ಹಿಡಿಯುತ್ತಾರೆ. 4 ಕೊಟ್ಟು ಇನ್ನೊಬ್ಬರು 2 ಕೊಟ್ಟರೆ ಉತ್ತರ ಮೂರನೆಯವರ ಬಳಿ ಹೋಗಿ, ತಪ್ಪು ತಮ್ಮ ಲೆಕ್ಕಕ್ಕೆ ಬೀಳಬಹುದು. 3 ಕೊಟ್ಟರೆ ಗೊಡವೆಯಿಲ್ಲ. ಇದರಲ್ಲಿ ಪೆಟ್ಟು ತಿನ್ನುವುದು ಯಾರೂ ಊಹಿಸದ ದಾರಿಯಲ್ಲಿ ಯೋಚಿಸಿ ಬರೆದ ಮಗು.

ಇಡೀ ತಂಡವೇ ಒಟ್ಟಿಗೆ ಬಿಗಿಯಾದರೆ ಹೊಂದಾಣಿಕೆಯ ಲೆಕ್ಕ ಏನನ್ನೂ ಹಿಡಿಯುವುದಿಲ್ಲ, ಏಕೆಂದರೆ ಎಲ್ಲರೂ ಪರಸ್ಪರ ಒಪ್ಪುತ್ತಲೇ ಇರುತ್ತಾರೆ. ಅಮೆರಿಕದಲ್ಲಿ ಶಿಕ್ಷಕರ ಅರ್ಹತೆಗೆ ನಡೆಯುವ ಪ್ರಾಕ್ಸಿಸ್ ಪರೀಕ್ಷೆಯೊಂದರಲ್ಲಿ 2003–04ರ ಅವಧಿಯಲ್ಲಿ ಕಿರು ಉತ್ತರಗಳಿಗೆ ಅತಿ ಬಿಗಿಯಾಗಿ ಅಂಕ ಹಾಕಿದ್ದರಿಂದ, ಪಾಸಾಗಬೇಕಿದ್ದ ಸುಮಾರು 4,100 ಮಂದಿ ಫೇಲೆನಿಸಿಕೊಂಡರು. 2006ರಲ್ಲಿ ಪರೀಕ್ಷಾ ಸಂಸ್ಥೆ 1.11 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿತು. ಮೊದಲೇ ಅಂಕ ಗೊತ್ತಿರುವ ಗುಪ್ತ ಉತ್ತರಗಳನ್ನು ದಿನವೂ, ಸಾಕಷ್ಟು ಸಂಖ್ಯೆಯಲ್ಲಿ ಸೇರಿಸಬೇಕೆಂದು ನಾವು ಒತ್ತಿ ಹೇಳುವುದು ಇದಕ್ಕೇ.

ಇನ್ನೊಂದು ಸಂಗತಿ ಮನಸ್ಸನ್ನು ಕಲಕುವಂಥದ್ದು. ಪ್ರಬಂಧದ ನಡುವೆ ಮಗುವೊಂದು ಮನೆಯಲ್ಲಿ ಹೊಡೆತ ತಿನ್ನುವುದನ್ನೋ ಬದುಕುವ ಆಸೆ ಇಲ್ಲವೆಂಬುದನ್ನೋ ಬರೆದಿರುತ್ತದೆ. ಅಂಥ ಉತ್ತರವನ್ನು ‘ಅಲರ್ಟ್’ ಎಂದು ಗುರುತಿಸಿ ಮೇಲಕ್ಕೆ ಕಳಿಸುವ ವ್ಯವಸ್ಥೆ ಇದೆ. ಅಲ್ಲಿಂದ ಶಾಲೆಗೆ ಸುದ್ದಿ ಮುಟ್ಟಬೇಕು. ಕಳಿಸಿದ ಮೌಲ್ಯಮಾಪಕರಿಗೆ ಮುಂದೇನಾಯಿತೆಂದು ತಿಳಿಸುವ ಪದ್ಧತಿ ಇಲ್ಲ. ಮಗುವಿನ ಗುರುತು ಬಿಟ್ಟುಕೊಡಬಾರದು, ಒಪ್ಪುತ್ತೇವೆ. ‘ಸುದ್ದಿ ಮುಟ್ಟಿದೆ’ ಎಂಬ ಒಂದು ಸಾಲನ್ನಾದರೂ ಕಳಿಸಬಹುದಲ್ಲ? ಅಂಥದ್ದನ್ನು ಓದಿದವರಿಗೆ ಐದು ನಿಮಿಷ ಎದ್ದು ಹೋಗುವ ಅವಕಾಶವೂ ಬೇಕು. ವೇಗದ ಗುರಿ ಅದನ್ನೂ ಕೊಡುವುದಿಲ್ಲ.

ಮನೆಯಿಂದಲೇ ಅಂಕ ಹಾಕುವ ಪದ್ಧತಿ ಬಂದ ಮೇಲೆ ಸಂಬಳದ ಅನಿಶ್ಚಿತತೆ ಹೆಚ್ಚಿದೆ. ಆರು ವಾರದ ಕೆಲಸವೆಂದು ಕರೆದು, ಉತ್ತರಗಳ ಸಾಲು ಬೇಗ ಖಾಲಿಯಾದರೆ ನಾಲ್ಕೇ ವಾರಕ್ಕೆ ಮುಗಿಸಬಹುದು. ಕಂಪ್ಯೂಟರ್, ಇಂಟರ್ನೆಟ್ ಖರ್ಚು ಕೆಲಸಗಾರರದೇ. ಉತ್ತರದ ಎಣಿಕೆಗೆ ತಕ್ಕಂತೆ ದುಡ್ಡು ಕೊಡುವ ಕಡೆ ಕಷ್ಟದ ಉತ್ತರ ತೆರೆಯುವುದೇ ನಷ್ಟ. ನಿಧಾನವಾಗಿ ಓದಿದವರಿಗೆ ದಂಡ ಬಿದ್ದ ಹಾಗೆ.

ಯಂತ್ರ ಬಂದರೆ ಇದೆಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಮ್ಯಾನೇಜ್‌ಮೆಂಟ್ ಕೋರ್ಸ್‌ಗಳ ಪ್ರವೇಶಕ್ಕೆ ನಡೆಯುವ ಜಿಮ್ಯಾಟ್ ಪರೀಕ್ಷೆಯ ಪ್ರಬಂಧಗಳಿಗೆ ಇ-ರೇಟರ್ ಎಂಬ ತಂತ್ರಾಂಶ 1999ರಿಂದಲೇ ಮನುಷ್ಯರ ಜೊತೆ ಅಂಕ ಹಾಕಲು ಆರಂಭಿಸಿತು. ಇಂಥ ತಂತ್ರಾಂಶ ಕಲಿಯುವುದು ಮನುಷ್ಯರು ಹಾಕಿದ ಅಂಕಗಳಿಂದಲೇ. ಅವಸರದ ಅಂಕ ಉಣಿಸಿದರೆ ಅವಸರವನ್ನೇ ಕಲಿಯುತ್ತದೆ. ಸುಲಭದ್ದನ್ನು ಯಂತ್ರ ಮುಗಿಸಿ, ಗೊಂದಲದ ಉತ್ತರಗಳನ್ನು ಮಾತ್ರ ಮನುಷ್ಯರಿಗೆ ದಾಟಿಸುವ ಕಡೆ ಗಂಟೆಯ ಗುರಿ ಮಾತ್ರ ಹಳೆಯದೇ ಉಳಿದರೆ ಭಾರ ಇನ್ನೂ ಹೆಚ್ಚುತ್ತದೆ.

ಪರೀಕ್ಷೆಯ ಗುತ್ತಿಗೆ ಕೊಡುವ ಸರ್ಕಾರಗಳು ಮತ್ತು ಮಂಡಳಿಗಳು ದರ ಮತ್ತು ಗಡುವಿನ ಜೊತೆಗೆ ಇವನ್ನೂ ಕರಾರಿನಲ್ಲಿ ಬರೆಸಬೇಕು: ಉತ್ತರದ ಉದ್ದಕ್ಕೆ ತಕ್ಕ ಗಂಟೆಯ ಮಿತಿ, ಎಣಿಕೆಯ ಬದಲು ಗಂಟೆಯ ಸಂಬಳ, ತರಬೇತಿಯ ದಿನಗಳಿಗೂ ಪೂರ್ತಿ ಸಂಬಳ, ಅಂಚಿನ ಉತ್ತರಗಳಿರುವ ಆಂಕರ್ ಸೆಟ್, ಸೂಚನೆ ಬದಲಾದರೆ ಹಿಂದಿನ ಉತ್ತರಗಳ ಕಡ್ಡಾಯ ಮರು ಓದು. ಫಲಿತಾಂಶದ ಜೊತೆ ಪ್ರಕಟಿಸುವ ವರದಿಯಲ್ಲಿ ನಿಖರ ಹೊಂದಾಣಿಕೆ ಮತ್ತು ಕಪ್ಪಾ ಎರಡನ್ನೂ, ಪ್ರಶ್ನೆವಾರು, ಹಾಕಬೇಕು. ಮರು ಮೌಲ್ಯಮಾಪನಕ್ಕೆ ಅರ್ಜಿ ಹಾಕುವ ಪೋಷಕರು ಕೇಳಬೇಕಾದದ್ದೂ ಆ ಎರಡು ಅಂಕಿಗಳನ್ನೇ.

ಇಂತಿ,
ಕೆಲವು ಗುತ್ತಿಗೆ ಮೌಲ್ಯಮಾಪಕರು